ಮೊದಲ ಗಿಟಾರ್‌ಗೆ ಮುಂಚೆ ಮಾಡಿಕೊಳ್ಳಬೇಕಾದ ಜಿಗ್ಗುಗಳು

ಪ್ರಶ್ನೆ: ನಾನು ಶಿವಮೊಗ್ಗದವನು, ಬ್ಯಾಂಕಿನಲ್ಲಿ ಕೆಲಸ. ಕಾಲೇಜು ದಿನಗಳಿಂದ ಗಿಟಾರ್ ನುಡಿಸುತ್ತೇನೆ. ಮನೆ ಹಿಂದೆ 8 ಅಡಿ 10 ಅಡಿಯ ಒಂದು ಕೋಣೆ ಇದೆ. ಅಲ್ಲಿ ಪುಸ್ತಕದ ಕಪಾಟು, ಸ್ಟೂಲು ಮಾಡಿ ಅಭ್ಯಾಸ ಇದೆ. ಡ್ರಿಲ್ಲು, ಜಿಗ್‌ಸಾ, ಸಣ್ಣ ರೂಟರ್ (ಮರದಲ್ಲಿ ಗುಳಿ, ಕಾಲುವೆ ಕೊರೆಯುವ ಯಂತ್ರ), ನಾಲ್ಕು ಉಳಿ, ಒಂದು ಹತ್ತರಿ ನನ್ನ ಬಳಿ ಇವೆ. ಅಜ್ಜನ ಕಾಲದ ಬೀಟೆ (ರೋಸ್‌ವುಡ್) ಮಂಚದ ಪಟ್ಟಿಗಳು ಅಟ್ಟದಲ್ಲಿವೆ. ಅದರಲ್ಲೇ ಒಂದು ಅಕೌಸ್ಟಿಕ್ ಗಿಟಾರ್ ಮಾಡಬೇಕು ಅಂತ ಆಸೆ. 20 ಸಾವಿರದೊಳಗೆ ಆಗುತ್ತದೆಯೇ? ವಿಡಿಯೋಗಳಲ್ಲಿ ತೋರಿಸುವ ಜಿಗ್ಗುಗಳೆಲ್ಲ (ಅಳತೆ ತಪ್ಪದಂತೆ ಮರವನ್ನೋ ಸಲಕರಣೆಯನ್ನೋ ಹಿಡಿದಿಡುವ ಸಾಧನಗಳು) ನಿಜಕ್ಕೂ ಬೇಕೇ? ಮಾವ ಮಾತ್ರ "ಆಚಾರಿ ಹತ್ರ ಕೊಟ್ಟು ಮಾಡಿಸು, ನಿನಗ್ಯಾಕೆ ಈ ತಲೆನೋವು" ಅಂತಾರೆ.

ಉತ್ತರ: ಆಗುತ್ತದೆ, ಖಂಡಿತ ಆಗುತ್ತದೆ. ಆದರೆ ಎರಡು ಮಾತು ಮೊದಲೇ ಹೇಳಿಬಿಡುತ್ತೇನೆ. ಅಕೌಸ್ಟಿಕ್ ಈಗಲೇ ಬೇಡ, ಮೊದಲು ಒಂದು ಎಲೆಕ್ಟ್ರಿಕ್ ಮಾಡಿ. ಮತ್ತೆ, ಆ ಬೀಟೆಗೆ ಗರಗಸ ಹಾಕುವ ಮುಂಚೆ ಕೆಲವು ಭಾನುವಾರಗಳನ್ನು ಜಿಗ್ಗುಗಳಿಗೇ ಮೀಸಲಿಡಿ.

ಜಿಗ್ ಬೇಕೇ ಅನ್ನುವ ಪ್ರಶ್ನೆಯಿಂದಲೇ ಶುರು ಮಾಡೋಣ, ಯಾಕೆಂದರೆ ಉಳಿದದ್ದೆಲ್ಲ ಅದರ ಮೇಲೇ ನಿಂತಿದೆ. ವಿಡಿಯೋದಲ್ಲಿ ಕಾಣುವ ಜಿಗ್ಗುಗಳಲ್ಲಿ ಮುಕ್ಕಾಲು ಪಾಲು ನಿಮಗೆ ಬೇಡ. ಒಂದರ ಹಿಂದೆ ಒಂದು ಗಿಟಾರ್ ಮಾಡಿ ಮಾರುವವರಿಗೆ ಅವು ಸಮಯ ಉಳಿಸುತ್ತವೆ, ಅಷ್ಟೇ. ನೀವು ಮಾಡುತ್ತಿರುವುದು ಒಂದೇ ಒಂದು. ಗಿಟಾರಿನಲ್ಲಿ ಎಲ್ಲ ಕಡೆಯೂ ಒಂದೇ ಥರದ ನಿಖರತೆ ಬೇಕಿಲ್ಲ ಅನ್ನುವುದನ್ನು ಮೊದಲು ತಲೆಗೆ ಹಾಕಿಕೊಳ್ಳಿ. ಬಾಡಿಯ ಹೊರ ಆಕಾರ 3 ಮಿ.ಮೀ. ಆಚೀಚೆ ಆದರೆ ಯಾರಿಗೂ ಗೊತ್ತಾಗುವುದಿಲ್ಲ. ನೆಕ್‌ನ (ಎಡಗೈಯಲ್ಲಿ ಹಿಡಿಯುವ ಉದ್ದ ಭಾಗ) ಹಿಂಬದಿಯ ಉಬ್ಬು ನಿಮ್ಮ ಅಂಗೈಗೆ ಹಿತವಾಗಿದ್ದರೆ ಸಾಕು. ಆದರೆ ನಾಲ್ಕು ವಿಷಯಗಳಲ್ಲಿ ಗಿಟಾರ್ ಯಾರ ಮುಲಾಜೂ ನೋಡುವುದಿಲ್ಲ: ಫ್ರೆಟ್ (ನೆಕ್ ಮೇಲೆ ಅಡ್ಡಕ್ಕೆ ಬರುವ ಲೋಹದ ಕಡ್ಡಿ) ಕೂರುವ ಸೀಳುಗಳ ಜಾಗ, ಫ್ರೆಟ್‌ಗಳ ಸಮತಟ್ಟು, ನೆಕ್ಕೂ ಬ್ರಿಡ್ಜೂ (ಬಾಡಿ ಮೇಲೆ ತಂತಿ ಕೂರುವ ಭಾಗ) ಒಂದೇ ಗೆರೆಯಲ್ಲಿ ಇರುವುದು, ಮತ್ತು ತಂತಿಯ ಎತ್ತರ. ಈ ನಾಲ್ಕು ಕಡೆ ಕೈಯನ್ನು ನಂಬಬೇಡಿ, ಎಷ್ಟೇ ಪಳಗಿದ ಕೈ ಆದರೂ. ಅಲ್ಲಿಗೆ ಒಂದೊಂದು ಜಿಗ್ ಮಾಡಿಕೊಳ್ಳಿ. ಉಳಿದ ಕಡೆ ಅಳತೆಪಟ್ಟಿ ಪಕ್ಕಕ್ಕಿಟ್ಟು ಖುಷಿಯಾಗಿ ಕೆತ್ತಿ.

ಅಕೌಸ್ಟಿಕ್ ಯಾಕೆ ಬೇಡ ಅಂದೆ? ಸಾಮಾನ್ಯ 12–53 ಉಕ್ಕಿನ ತಂತಿ ಸೆಟ್ ಶ್ರುತಿಗೆ ಬಂದಾಗ ಹತ್ತಿರಹತ್ತಿರ 70 ಕೆ.ಜಿ. ಎಳೆತ ಇರುತ್ತದೆ. ಅದನ್ನು ತಡೆದುಕೊಳ್ಳಬೇಕಾದದ್ದು 3 ಮಿ.ಮೀ. ಆಸುಪಾಸಿನ ಒಂದು ತೆಳು ಹಲಗೆ. ದಪ್ಪ ಮಾಡಿದರೆ ನಾದ ಬರುವುದಿಲ್ಲ, ತೆಳು ಮಾಡಿದರೆ ಹೊಟ್ಟೆ ಬರುತ್ತದೆ. ಪಕ್ಕದ ಪಟ್ಟಿಗಳನ್ನು 2 ಮಿ.ಮೀ.ಗೆ ಇಳಿಸಿ, ಕಾದ ಕೊಳವೆಯ ಮೇಲೆ ಒತ್ತಿ ಬಗ್ಗಿಸಬೇಕು, ಬಗ್ಗಿಸಿದ್ದು ಹಾಗೇ ನಿಲ್ಲಲು ಅಚ್ಚು ಬೇಕು, ಒಳಗಿನ ಆಧಾರದ ಕಡ್ಡಿಗಳನ್ನು ಅಂಟಿಸುವಾಗ ಒತ್ತಿ ಹಿಡಿಯಲು ಇನ್ನೊಂದು ಚೌಕಟ್ಟು ಬೇಕು. ಇದರ ಜೊತೆಗೆ ಮೇಲೆ ಹೇಳಿದ ನಾಲ್ಕು ಕೆಲಸಗಳೂ ಇದ್ದೇ ಇವೆ. ಅವನ್ನು ಮೊದಲು ಬೇರೆ ಕಡೆ ಕಲಿಯುವುದು ಜಾಣತನ ಅಲ್ವಾ?

ಇನ್ನೊಂದು ಕಾರಣ ನಿಮ್ಮ ಮರದಲ್ಲೇ ಇದೆ. ಮಂಚದ ಪಟ್ಟಿ ಸಾಮಾನ್ಯವಾಗಿ 4–5 ಇಂಚು ಅಗಲ. ಅಕೌಸ್ಟಿಕ್ ಗಿಟಾರಿನ ಹಿಂಭಾಗಕ್ಕೆ 8 ಇಂಚು ಅಗಲದ ಎರಡು ತುಂಡು ಬೇಕು. ಅಷ್ಟು ಅಗಲ ಅದರಲ್ಲಿ ಸಿಗುವುದಿಲ್ಲ. ಆದರೆ ಒಂದು ಫ್ರೆಟ್‌ಬೋರ್ಡಿಗೆ (ನೆಕ್ ಮೇಲೆ ಅಂಟಿಸುವ, ಫ್ರೆಟ್ ಕೂರುವ ಹಲಗೆ) 50 ಸೆಂ.ಮೀ. ಉದ್ದ, 6 ಸೆಂ.ಮೀ. ಅಗಲ, 6–7 ಮಿ.ಮೀ. ದಪ್ಪ ಇದ್ದರೆ ಸಾಕು. ಒಂದೇ ಪಟ್ಟಿಯಲ್ಲಿ ಹಲವು ಗಿಟಾರಿಗೆ ಆಗುವಷ್ಟು ಬರುತ್ತದೆ. ಅಜ್ಜನ ಮಂಚ ನಿಮ್ಮ ಎಡಗೈ ಬೆರಳುಗಳ ಕೆಳಗೇ ಇರುತ್ತದೆ, ಅದಕ್ಕಿಂತ ಒಳ್ಳೆ ಜಾಗ ಯಾವುದಿದೆ.

ಎಲೆಕ್ಟ್ರಿಕ್‌ನಲ್ಲೂ ನೆಕ್ಕನ್ನು ಸ್ಕ್ರೂ ಹಾಕಿ ಕೂರಿಸುವ ಮಾದರಿಯನ್ನೇ ಆರಿಸಿ. 1950ರಲ್ಲಿ ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ ಲಿಯೋ ಫೆಂಡರ್ ಮಾರುಕಟ್ಟೆಗೆ ತಂದ ವಿನ್ಯಾಸ ಅದು, ಮುಂದೆ ಟೆಲಿಕಾಸ್ಟರ್ ಅಂತ ಹೆಸರಾಯಿತು. ಅವರು ರೇಡಿಯೋ ರಿಪೇರಿ ಮಾಡುತ್ತಿದ್ದವರು, ಸ್ವತಃ ಗಿಟಾರ್ ನುಡಿಸುತ್ತಿರಲಿಲ್ಲ. ಚಪ್ಪಟೆ ಹಲಗೆಯ ಬಾಡಿ, ನಾಲ್ಕು ಸ್ಕ್ರೂಗಳ ನೆಕ್. ಕಾರ್ಖಾನೆಗೆ ಸುಲಭವಾಗಲಿ ಅಂತ ಮಾಡಿದ ಈ ವಿನ್ಯಾಸವೇ ಮನೆಯಲ್ಲಿ ಮಾಡುವವರಿಗೂ ವರ. ನೆಕ್ ಹಾಳಾದರೆ ಬಾಡಿ ಉಳಿಯುತ್ತದೆ, ಬಾಡಿ ಹಾಳಾದರೆ ನೆಕ್ ಉಳಿಯುತ್ತದೆ.

ಮನೆಯ ಸಲಕರಣೆಯಲ್ಲಿ ಮಾಡಿದ್ದು ವೇದಿಕೆಗೆ ಲಾಯಕ್ಕಾಗುತ್ತದಾ ಅನ್ನುವ ಅನುಮಾನ ಇದ್ದರೆ ಕ್ವೀನ್ ರಾಕ್ ತಂಡದ ಗಿಟಾರ್ ವಾದಕ ಬ್ರಯಾನ್ ಮೇ ಅವರ ಗಿಟಾರ್ ನೋಡಿ. 1963ರಲ್ಲಿ, ಹದಿಹರೆಯದಲ್ಲಿದ್ದಾಗ, ತಂದೆ ಹೆರಾಲ್ಡ್ ಜೊತೆ ಸೇರಿ ಮನೆಯಲ್ಲೇ ಶುರು ಮಾಡಿದ್ದು. ಸುಮಾರು ಎರಡು ವರ್ಷ ಹಿಡಿಯಿತು. ನೆಕ್‌ಗೆ ಬಳಸಿದ್ದು ಹಳೇ ಮನೆಯ ಬೆಂಕಿಗೂಡಿನ ಮೇಲಿದ್ದ ಮಹಾಗನಿ ಹಲಗೆ, ಅದರಲ್ಲಿದ್ದ ಹುಳದ ತೂತುಗಳನ್ನು ಬೆಂಕಿಕಡ್ಡಿ ಹಾಕಿ ಮುಚ್ಚಿದರು. ತಂತಿ ಜಗ್ಗುವ ಸಾಧನಕ್ಕೆ ಹಳೆ ಮೋಟರ್‌ಸೈಕಲ್ ಎಂಜಿನ್ನಿನ ಸ್ಪ್ರಿಂಗು. ಫ್ರೆಟ್‌ಬೋರ್ಡಿನ ಚುಕ್ಕಿಗಳಿಗೆ ಅಮ್ಮನ ಹೊಲಿಗೆ ಡಬ್ಬಿಯ ಮುತ್ತಿನ ಚಿಪ್ಪಿನ ಗುಂಡಿಗಳು. ಕ್ವೀನ್ ತಂಡದ ಜೊತೆ ಅವರು ಹೆಚ್ಚಾಗಿ ನುಡಿಸಿದ್ದು ಅದನ್ನೇ. ಸಾಮಾನು ಗುಜರಿಯದ್ದೇ ಆಗಿರಬಹುದು, ಆದರೆ ಅಪ್ಪ ಮಗ ಅಳತೆಯಲ್ಲಿ ಮಾತ್ರ ರಾಜಿ ಮಾಡಿಕೊಳ್ಳಲಿಲ್ಲ. ನೀವು ಅವರಿಂದ ಕಲಿಯಬೇಕಾದದ್ದೂ ಅದೇ.

ಈಗ ಮರ. ಬೀಟೆ ಬಗ್ಗೆ ಒಂದು ವಿಷಯ ಹೇಳಲೇಬೇಕು. ಬ್ರೆಜಿಲ್ ತನ್ನ ರೋಸ್‌ವುಡ್ ದಿಮ್ಮಿಗಳನ್ನು ಹೊರಗೆ ಕಳಿಸುವುದನ್ನು 1960ರ ದಶಕದ ಕೊನೆಯಲ್ಲಿ ನಿಲ್ಲಿಸಿದಾಗ, ಅಮೆರಿಕದ ಮಾರ್ಟಿನ್ ಕಂಪನಿ ತನ್ನ ಗಿಟಾರ್‌ಗಳಿಗೆ ಭಾರತದ ಬೀಟೆಯನ್ನು ಹಿಡಿಯಿತು. ಅಲ್ಲಿಂದ ಮುಂದೆ ಜಗತ್ತಿನ ದೊಡ್ಡ ದೊಡ್ಡ ಗಿಟಾರ್ ತಯಾರಕರೆಲ್ಲ ಬಳಸುತ್ತಿರುವುದು ಇದೇ ಜಾತಿಯ ಮರ. ನಿಮ್ಮ ಅಟ್ಟದಲ್ಲಿ ಇರುವುದು ಅಂಥ ಸಾಮಾನು. ಅದನ್ನು ಗಿಟಾರಿನ ಬಾಡಿ ಮಾಡಲು ಬಳಸಬೇಡಿ. ಗಿಟಾರ್ ಭಾರ ಆಗುತ್ತದೆ. ಲೆಕ್ಕ ಹಾಕಿ: 45 ಮಿ.ಮೀ. ದಪ್ಪದ ಸಾಮಾನ್ಯ ಬಾಡಿಯಲ್ಲಿ ಸುಮಾರು 5 ಲೀಟರ್‌ನಷ್ಟು ಮರ ಇರುತ್ತದೆ. ಬೀಟೆಯಾದರೆ 4 ಕೆ.ಜಿ. ದಾಟುತ್ತದೆ, ಬರೀ ಮರವೇ. ಅರ್ಧ ಗಂಟೆ ನಿಂತು ನುಡಿಸಿದರೆ ಭುಜ ಇಳಿದುಹೋಗುತ್ತದೆ. ಹೊಸ ಬೀಟೆ ಕೊಳ್ಳಲು ಹೋಗುವುದಾದರೆ ಬಿಲ್ಲು, ಪರವಾನಗಿ ಇಲ್ಲದ್ದನ್ನು ಮುಟ್ಟಬೇಡಿ. ಸ್ವಂತ ಜಮೀನಿನ ಬೀಟೆ ಕಡಿಯಲೂ ಅರಣ್ಯ ಇಲಾಖೆಯ ಅನುಮತಿ ಬೇಕು.

ಬಾಡಿ ಮಾಡಲು ನಿಮ್ಮ ಕಡೆ ಸಿಗುವ ಹಲಸು ಬಹಳ ಒಳ್ಳೆಯದು. ವೀಣೆಗೆ ನಮ್ಮವರು ಹಲಸನ್ನೇ ಆರಿಸಿಕೊಂಡು ಬಂದಿದ್ದಾರೆ, ಸುಮ್ನೆ ಅಲ್ಲ. ಉಳಿಗೆ ಚೆನ್ನಾಗಿ ಬಗ್ಗುತ್ತದೆ, ಒಣಗಿದ ಮೇಲೆ ಅಲುಗಾಡುವುದು ಕಡಿಮೆ, ಹಳದಿ ಬಣ್ಣ ವರ್ಷ ಕಳೆದಂತೆ ಕೆಂಪುಕಂದಾಗುತ್ತದೆ. ಕಾಫಿ ತೋಟದ ಸಿಲ್ವರ್ ಓಕ್, ಮಹಾಗನಿ ಕೂಡ ಆಗುತ್ತವೆ. ನೆಕ್‌ಗೆ ಮಹಾಗನಿ ಅಥವಾ ಹಳೇ ಮನೆ ಕೆಡವಿದಾಗ ಸಿಗುವ ಸಾಗುವಾನಿ ಬಾಗಿಲಚೌಕಟ್ಟು. ಆರಿಸುವಾಗ ತುಂಡಿನ ತುದಿ ನೋಡಿ. ವಯಸ್ಸಿನ ಗೆರೆಗಳು ಫ್ರೆಟ್‌ಬೋರ್ಡ್ ಅಂಟಿಸುವ ಮೇಲ್ಮೈಗೆ ನೇರವಾಗಿ ನಿಂತಿರಬೇಕು, ಎಳೆ ಉದ್ದಕ್ಕೂ ಓಡಿರಬೇಕು, ಗಂಟು ಒಂದೂ ಇರಬಾರದು. ಹಳೆ ಮರ ಅಂದಮೇಲೆ ಮೊಳೆ ಇದ್ದೇ ಇರುತ್ತದೆ. ಒಂದು ಬಲವಾದ ಅಯಸ್ಕಾಂತವನ್ನು ಮರದ ಉದ್ದಕ್ಕೂ ಎಳೆದು ನೋಡಿ, ಆಮೇಲೆ ಹತ್ತರಿ ಹಚ್ಚಿ.

ಒಣಗಿಸುವುದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಮಲೆನಾಡಿನ ಬಾಗಿಲಲ್ಲಿರುವ ನಿಮಗೆ ಇದು ಬೇಕು. ಮರ ಗಾಳಿಯ ತೇವಕ್ಕೆ ತಕ್ಕಂತೆ ನೀರು ಕುಡಿಯುತ್ತದೆ, ಬಿಡುತ್ತದೆ. ಗಾಳಿಯ ತೇವಾಂಶ 50 ಶೇಕಡಾ ಇದ್ದರೆ ಮರದೊಳಗಿನ ತೇವ ಸುಮಾರು 9 ಶೇಕಡಾಕ್ಕೆ ಬಂದು ನಿಲ್ಲುತ್ತದೆ. ಗಾಳಿ 65 ಆದರೆ 12, ಮಳೆಗಾಲದಲ್ಲಿ 80 ಆದರೆ 16. ಜುಲೈ ತಿಂಗಳಲ್ಲಿ ಫ್ರೆಟ್ ಬಡಿದು, ಅಂಚು ಉಜ್ಜಿ ನಯ ಮಾಡಿ ಇಟ್ಟ ನೆಕ್ ಫೆಬ್ರವರಿಗೆ ಅಗಲದಲ್ಲಿ ಅರ್ಧ ಮಿ.ಮೀ.ನಷ್ಟು ಕುಗ್ಗಬಹುದು. ಫ್ರೆಟ್‌ನ ಲೋಹ ಕುಗ್ಗುವುದಿಲ್ಲ. ಆಗ ಫ್ರೆಟ್ ತುದಿಗಳು ಎರಡೂ ಅಂಚಿನಲ್ಲಿ ಹೊರಗೆ ಚಾಚಿ ಕೈಗೆ ಗೀರುತ್ತವೆ. ಅದಕ್ಕೇ ಜಿಗ್ಗುಗಳನ್ನು ಮಳೆಗಾಲದಲ್ಲಿ ಮಾಡಿಕೊಳ್ಳಿ, ನೆಕ್ ಕೆಲಸವನ್ನು ಡಿಸೆಂಬರಿನಿಂದ ಮಾರ್ಚ್ ಒಳಗೆ ಮುಗಿಸಿ. ಅಲ್ಲಿಯವರೆಗೆ ಮರವನ್ನು ಬೇಕಾದ್ದಕ್ಕಿಂತ ಸ್ವಲ್ಪ ದಪ್ಪಕ್ಕೆ ಕೊಯ್ಸಿ, ಮನೆಯೊಳಗೆ ನಡುವೆ ಕಡ್ಡಿ ಕೊಟ್ಟು ಪೇರಿಸಿ ಇಡಿ. ವಾರಕ್ಕೊಮ್ಮೆ ಅಡುಗೆಮನೆ ತಕ್ಕಡಿಯಲ್ಲಿ ತೂಗಿ ಮರದ ಮೇಲೇ ಪೆನ್ಸಿಲಿನಲ್ಲಿ ತಾರೀಖು ತೂಕ ಬರೆಯಿರಿ. ತೂಕ ಇಳಿಯುವುದು ನಿಂತರೆ ಒಣಗಿದೆ ಅಂತ ಅರ್ಥ. ಕೆಲವು ನೂರು ರೂಪಾಯಿಗೆ ಗಾಳಿಯ ತೇವ ತೋರಿಸುವ ಸಣ್ಣ ಮೀಟರ್ ಸಿಗುತ್ತದೆ, ಒಂದನ್ನು ಕೋಣೆಯಲ್ಲಿ ನೇತುಹಾಕಿ.

ಸರಿ, ಜಿಗ್ಗುಗಳಿಗೆ ಬರೋಣ. ಮೊದಲನೆಯದು ಹರಿತ ಮಾಡುವ ವ್ಯವಸ್ಥೆ. ಇದನ್ನು ಜಿಗ್ ಅಂತ ಯಾರೂ ಲೆಕ್ಕಕ್ಕೇ ಇಡುವುದಿಲ್ಲ, ಆದರೆ ಮೊಂಡು ಹತ್ತರಿಯಲ್ಲಿ ಯಾವ ಅಂಚೂ ನೇರ ಬರುವುದಿಲ್ಲ. ಗಾಜಿನಂಗಡಿಯಲ್ಲಿ 10 ಮಿ.ಮೀ. ದಪ್ಪದ ಗಾಜಿನ ತುಂಡು ಕೇಳಿ ಪಡೆಯಿರಿ. ಅದರ ಮೇಲೆ 400, 1000, 2000 ನಂಬರಿನ ನೀರು ಪೇಪರ್ (ನೀರು ಹಾಕಿ ಉಜ್ಜುವ ಸ್ಯಾಂಡ್ ಪೇಪರ್) ಅಂಟಿಸಿ. ಉಳಿಯನ್ನು ಒಂದೇ ಕೋನದಲ್ಲಿ ಹಿಡಿಯುವ ಸಣ್ಣ ಗಾಲಿಯ ಗೈಡ್ ಆನ್‌ಲೈನ್‌ನಲ್ಲಿ ಸಿಗುತ್ತದೆ, ಕೊಳ್ಳಿ. ಮುಖ್ಯ ಇಳಿಜಾರು 25 ಡಿಗ್ರಿ, ತುದಿಯಲ್ಲಿ ಮಾತ್ರ 30. ಉಳಿಯ ಬೆನ್ನು ಕನ್ನಡಿಯ ಹಾಗೆ ಹೊಳೆಯುವವರೆಗೆ ಉಜ್ಜುವುದು ಮರೆಯಬೇಡಿ.

ಎರಡನೆಯದು ಅಂಚು ಹತ್ತರಿಸುವ ಹಲಗೆ, ಶೂಟಿಂಗ್ ಬೋರ್ಡ್ ಅಂತಾರೆ. 18 ಮಿ.ಮೀ. ಪ್ಲೈವುಡ್ ಮೇಲೆ ಅದಕ್ಕಿಂತ ಕಡಿಮೆ ಅಗಲದ 12 ಮಿ.ಮೀ. ಪ್ಲೈವುಡ್ ಅಂಟಿಸಿದರೆ ಒಂದು ಮೆಟ್ಟಿಲು ಆಗುತ್ತದೆ. ಹತ್ತರಿಯನ್ನು ಮಗ್ಗುಲಿಗೆ ಮಲಗಿಸಿ ಆ ಮೆಟ್ಟಿಲಿನ ಪಕ್ಕ ಓಡಿಸುತ್ತೀರಿ. ಮೇಲೆ ಅಡ್ಡಕ್ಕೆ ಒಂದು ಗಟ್ಟಿ ಮರದ ತಡೆ, ಸರಿಯಾಗಿ 90 ಡಿಗ್ರಿಗೆ. ನಿಮ್ಮ ಮೂಲೆಮಟ್ಟವೇ ಸರಿ ಇದೆಯೇ ಅಂತ ಮೊದಲು ನೋಡಿ: ನೇರ ಅಂಚಿಗೆ ಇಟ್ಟು ಗೆರೆ ಎಳೆಯಿರಿ, ಮೂಲೆಮಟ್ಟ ಮಗುಚಿ ಅದೇ ಜಾಗದಲ್ಲಿ ಇನ್ನೊಂದು ಗೆರೆ ಎಳೆಯಿರಿ. ಎರಡೂ ಒಂದರ ಮೇಲೊಂದು ಕೂತರೆ ಸರಿ ಇದೆ, ಬಾಯಿ ಬಿಟ್ಟರೆ ಆ ಬಿರುಕಿನ ಅರ್ಧದಷ್ಟು ತಪ್ಪಿದೆ. ಬಾಡಿಗೆ ಎರಡು ಹಲಗೆ ಜೋಡಿಸಬೇಕಲ್ಲ, ಅದಕ್ಕೆ ಒಂದು ಉಪಾಯ ಇದೆ. ಎರಡೂ ಹಲಗೆಗಳನ್ನು ಪುಸ್ತಕ ಮುಚ್ಚಿದಂತೆ ಒಂದರ ಮೇಲೊಂದಿಟ್ಟು ಬಿಗಿದು, ಎರಡರ ಅಂಚನ್ನೂ ಒಟ್ಟಿಗೇ ಹತ್ತರಿಸಿ. ನಿಮ್ಮ ಕೈ ಒಂದು ಡಿಗ್ರಿ ವಾಲಿದರೂ ಪರವಾಗಿಲ್ಲ, ಪುಸ್ತಕ ಬಿಚ್ಚಿದಾಗ ಒಂದರ ವಾಲು ಇನ್ನೊಂದರ ವಾಲನ್ನು ತಿಂದುಹಾಕುತ್ತದೆ. ಜೋಡಿಸಿ ಕಿಟಕಿ ಬೆಳಕಿಗೆ ಹಿಡಿಯಿರಿ. ಬೆಳಕಿನ ಗೆರೆ ಕಂಡರೆ ಇನ್ನೊಂದೆರಡು ಸಲ ಹತ್ತರಿ ಓಡಿಸಿ. ಬೆಳಕು ಕಾಣುವ ಸಂದನ್ನು ಕ್ಲ್ಯಾಂಪ್ ಬಿಗಿದು ಮುಚ್ಚಲು ಹೋಗಬೇಡಿ.

ಮೂರನೆಯದು ಫ್ರೆಟ್ ಸೀಳುವ ಪೆಟ್ಟಿಗೆ. ನನ್ನನ್ನು ಕೇಳಿದರೆ ಇಡೀ ಗಿಟಾರಿನ ಜೀವ ಇರುವುದು ಇಲ್ಲಿ. ವೀಣೆ ಮಾಡುವವರು ಮೆಟ್ಟಿಲುಗಳನ್ನು ಮೇಣದ ಮೇಲೆ ಕೂರಿಸುತ್ತಾರೆ, ಕಿವಿಯಿಂದ ಕೇಳಿ ಕೇಳಿ ಸರಿಸುತ್ತಾರೆ, ವರ್ಷಗಳ ಮೇಲೆ ಮೇಳ ಕಟ್ಟಿಸಿದರೆ ಮತ್ತೆ ಸರಿಹೋಗುತ್ತದೆ. ಗಿಟಾರಿನಲ್ಲಿ ಆ ಅನುಕೂಲ ಇಲ್ಲ. ಒಮ್ಮೆ ಗರಗಸ ಹಾಕಿದಿರಿ ಅಂದರೆ ಮುಗಿಯಿತು.

ಲೆಕ್ಕ ಸುಲಭ. ನಟ್‌ನಿಂದ (ನೆಕ್‌ನ ತುದಿಯಲ್ಲಿ ತಂತಿ ಕೂರುವ ಸಣ್ಣ ಪಟ್ಟಿ) ಬ್ರಿಡ್ಜ್‌ವರೆಗಿನ ತಂತಿ ಉದ್ದ 648 ಮಿ.ಮೀ. ಅಂತ ಇಟ್ಟುಕೊಳ್ಳಿ. ಅದನ್ನು 17.817ರಿಂದ ಭಾಗಿಸಿ. 36.37 ಬರುತ್ತದೆ, ಅದೇ ಮೊದಲ ಫ್ರೆಟ್. ಉಳಿದ 611.63 ಅನ್ನು ಮತ್ತೆ 17.817ರಿಂದ ಭಾಗಿಸಿ, 34.33. ಎರಡನ್ನೂ ಕೂಡಿಸಿದರೆ ನಟ್‌ನಿಂದ ಎರಡನೇ ಫ್ರೆಟ್ 70.70ಕ್ಕೆ. ಹೀಗೇ ಮುಂದುವರಿದು 12ನೇ ಫ್ರೆಟ್ ಸರಿಯಾಗಿ 324ಕ್ಕೆ, ಅಂದರೆ ಅರ್ಧಕ್ಕೆ ಬರಬೇಕು. ಬರದಿದ್ದರೆ ಲೆಕ್ಕದಲ್ಲಿ ಎಲ್ಲೋ ತಪ್ಪಿದೆ.

ಗುರುತು ಹಾಕುವಾಗ ಪ್ರತಿಯೊಂದನ್ನೂ ನಟ್‌ನಿಂದಲೇ ಅಳೆಯಿರಿ. ಒಂದು ಫ್ರೆಟ್‌ನಿಂದ ಇನ್ನೊಂದಕ್ಕೆ ಅಳೆಯುತ್ತಾ ಹೋಗಬೇಡಿ. ಯಾಕೆ ಅಂದರೆ, ಪ್ರತಿ ಹೆಜ್ಜೆಗೂ ಒಂದೇ ಕಡೆಗೆ 0.2 ಮಿ.ಮೀ. ತಪ್ಪಿದರೂ 20ನೇ ಫ್ರೆಟ್‌ಗೆ ಬರುವಾಗ 4 ಮಿ.ಮೀ. ಆಗಿರುತ್ತದೆ. ಅಲ್ಲಿ ಉಳಿದಿರುವ ತಂತಿ ಬರೀ 204 ಮಿ.ಮೀ., ಹಾಗಾಗಿ 4 ಮಿ.ಮೀ. ಅಂದರೆ ಅರ್ಧಸ್ವರದ ಮೂರನೇ ಒಂದು ಪಾಲು, ಸಂಗೀತ ಗೊತ್ತಿಲ್ಲದವರಿಗೂ ಅಪಸ್ವರ ಕೇಳಿಸುತ್ತದೆ. ಅದೇ ನಟ್‌ನಿಂದ ಅಳೆದು ಒಂದು ಫ್ರೆಟ್ ಅರ್ಧ ಮಿ.ಮೀ. ತಪ್ಪಿದರೆ, 1ನೇ ಫ್ರೆಟ್‌ನಲ್ಲಿ ಒಂದೂವರೆ ಸೆಂಟ್, 20ನೇ ಫ್ರೆಟ್‌ನಲ್ಲಿ 4 ಸೆಂಟ್ ವ್ಯತ್ಯಾಸ. ಒಂದು ಅರ್ಧಸ್ವರಕ್ಕೆ 100 ಸೆಂಟ್ ಅನ್ನುವುದು ನಿಮಗೆ ಶ್ರುತಿ ತೋರಿಸುವ ಟ್ಯೂನರ್ ಮೀಟರ್ ನೋಡಿ ಗೊತ್ತಿರುತ್ತದೆ. ನಾಲ್ಕೈದು ಸೆಂಟ್ ಹೆಚ್ಚಿನ ಕಿವಿಗಳಿಗೆ ತಿಳಿಯುವುದಿಲ್ಲ. ಅದಕ್ಕೇ ಅರ್ಧ ಮಿಲಿಮೀಟರನ್ನು ಗಡಿ ಅಂತ ಇಟ್ಟುಕೊಳ್ಳಿ. ಮೇಲಿನ ಫ್ರೆಟ್‌ಗಳಲ್ಲಿ ಅದಕ್ಕಿಂತ ಬಿಗಿಯಾಗಿರಿ.

ಪೆಟ್ಟಿಗೆ ಹೀಗೆ: 12 ಮಿ.ಮೀ. ಪ್ಲೈವುಡ್ ತಳ, ಫ್ರೆಟ್‌ಬೋರ್ಡ್ ಜಾರುವಷ್ಟೇ ಜಾಗ ಬಿಟ್ಟು ಎರಡು ಪಕ್ಕ ಗಟ್ಟಿಮರದ ಗೋಡೆ, ಎರಡೂ ಗೋಡೆಯಲ್ಲಿ ಒಂದೇ ನೇರಕ್ಕೆ ಗರಗಸ ಇಳಿಯುವ ಸೀಳು. ಫ್ರೆಟ್ ಗರಗಸವನ್ನೇ ಕೊಳ್ಳಿ, ಇದಕ್ಕೆ ಬೇರೆ ದಾರಿ ಹುಡುಕಬೇಡಿ. ಫ್ರೆಟ್‌ನ ಕಾಲು ಕೂರುವ ಸೀಳು 0.6 ಮಿ.ಮೀ. ಆಸುಪಾಸು ಇರಬೇಕು. ಸಾಮಾನ್ಯ ಗರಗಸದ ಸೀಳು ಅದರ ಎರಡು ಪಟ್ಟು, ಫ್ರೆಟ್ ಸಡಿಲವಾಗಿ ಅಲುಗಾಡುತ್ತದೆ. ಗರಗಸಕ್ಕೆ ಒಂದು ಮರದ ಪಟ್ಟಿ ಬಿಗಿದರೆ ಆಳವೂ ಒಂದೇ ಸಮ ಬರುತ್ತದೆ. ಫ್ರೆಟ್‌ಬೋರ್ಡಿನ ಮೇಲೆ ಬಿಳಿ ಟೇಪ್ ಹಚ್ಚಿ, ಉಕ್ಕಿನ ಅಳತೆಪಟ್ಟಿಯನ್ನು ಟೇಪಿನಲ್ಲಿ ಅಲುಗದಂತೆ ಹಿಡಿದು, ಎಲ್ಲ ಗುರುತನ್ನೂ ಒಂದೇ ಕೂತದ್ದರಲ್ಲಿ ಚೂಪು ಚಾಕುವಿನಿಂದ ಹಾಕಿ. ಪೆನ್ಸಿಲ್ ಗೆರೆಗೇ ಅರ್ಧ ಮಿ.ಮೀ. ದಪ್ಪ ಇರುತ್ತದೆ. ಕಾಗದದ ಮೇಲೆ ಮುದ್ರಿಸಿದ ಮಾದರಿ ಬಳಸುವುದಾದರೆ ನಟ್‌ನಿಂದ 12ನೇ ಫ್ರೆಟ್ 324 ಇದೆಯೇ ಅಂತ ಅಳೆದು ನೋಡಿ, ಪ್ರಿಂಟರ್‌ಗಳು ಸದ್ದಿಲ್ಲದೆ ಅಳತೆ ಕುಗ್ಗಿಸುತ್ತವೆ. ಮತ್ತೆ ಒಂದು ಮುಖ್ಯ ವಿಷಯ: ಸೀಳುವುದೆಲ್ಲ ಫ್ರೆಟ್‌ಬೋರ್ಡಿನ ಎರಡೂ ಅಂಚು ಸಮಾನಾಂತರ ಇರುವಾಗಲೇ ಮುಗಿಯಬೇಕು. ನಟ್ ಕಡೆ ಕಿರಿದು ಮಾಡುವುದು ಆಮೇಲೆ. ತಂತಿಯ ಎಳೆತಕ್ಕೆ ನೆಕ್ ಬಾಗದಂತೆ ಅದರೊಳಗೆ ಹಾಕುವ ಉಕ್ಕಿನ ಸರಳಿನ ಕಾಲುವೆಯೂ ಹಾಗೇ, ತುಂಡು ಚೌಕವಾಗಿ ಇರುವಾಗಲೇ ರೂಟರ್ ಹಾಕಿ. ಓರೆಯಾದ ಮೇಲೆ ರೂಟರ್‌ನ ಗೈಡ್ ಒರಗಿಸಲು ನೇರ ಅಂಚೇ ಇರುವುದಿಲ್ಲ.

ನಾಲ್ಕನೆಯದು ಉದ್ದನೆಯ ಉಜ್ಜುಪಟ್ಟಿ. ಅಲ್ಯೂಮಿನಿಯಂ ಕಿಟಕಿ ಮಾಡುವವರ ಹತ್ತಿರ 50×25 ಮಿ.ಮೀ. ಬಾಕ್ಸ್ ಪೈಪಿನ ಅರ್ಧ ಮೀಟರ್ ತುಂಡು ಕೇಳಿ. ಗ್ರಾನೈಟ್ ಅಂಗಡಿಯಲ್ಲಿ ಪಾಲಿಶ್ ಆದ ಅಡುಗೆಕಟ್ಟೆಯ ಉಳಿಕೆ ತುಂಡು ಸಿಗುತ್ತದೆ, ಅದರ ಮೇಲೆ ಸ್ಯಾಂಡ್ ಪೇಪರ್ ಹಾಸಿ ಪೈಪಿನ ಮುಖವನ್ನು ಉಜ್ಜಿ ಸಮ ಮಾಡಿ. ಈ ಒಂದು ಪಟ್ಟಿ ಎರಡು ಸಲ ಕೆಲಸಕ್ಕೆ ಬರುತ್ತದೆ. ಮೊದಲು 80, 120 ನಂಬರಿನ ಪೇಪರ್ ಅಂಟಿಸಿ ಫ್ರೆಟ್‌ಬೋರ್ಡನ್ನು ಸಮ ಮಾಡಲು. ಆಮೇಲೆ ಫ್ರೆಟ್ ಬಡಿದಾದ ಮೇಲೆ 400 ನಂಬರ್ ಅಂಟಿಸಿ ಫ್ರೆಟ್‌ಗಳ ತಲೆ ಸಮ ಮಾಡಲು. ಎರಡನೆಯದನ್ನು ನಿಧಾನವಾಗಿ ಮಾಡಿ. ಮರಕ್ಕೆ ಟೇಪ್ ಹಚ್ಚಿ, ಪ್ರತಿ ಫ್ರೆಟ್‌ನ ತಲೆಗೆ ಕಪ್ಪು ಮಾರ್ಕರ್ ಬಳಿಯಿರಿ. ಉಜ್ಜುಪಟ್ಟಿಯನ್ನು ಒತ್ತದೆ, ಅದರ ಭಾರದಲ್ಲೇ ಉದ್ದುದ್ದಕ್ಕೆ ಎರಡು ಮೂರು ಸಲ ಓಡಿಸಿ ನೋಡಿ. ಕೆಲವು ಫ್ರೆಟ್‌ನಲ್ಲಿ ಕಪ್ಪು ಹೋಗಿ ಬೆಳ್ಳಿಗೆರೆ ಕಾಣುತ್ತದೆ, ಅವು ಎತ್ತರ ಇರುವಂಥವು. ಕಪ್ಪು ಹಾಗೇ ಉಳಿದವು ತಗ್ಗು. ಕೊನೆಯ ಕಪ್ಪು ಫ್ರೆಟ್‌ನಲ್ಲೂ ಬೆಳ್ಳಿಗೆರೆ ಕಂಡ ಕ್ಷಣ ನಿಲ್ಲಿಸಿ. ಇನ್ನೊಂದು ಸಲ ಅಂತ ಉಜ್ಜಿದರೆ ಫ್ರೆಟ್‌ನ ಆಯುಷ್ಯವೇ ಕಡಿಮೆ. ಆಮೇಲೆ ಮತ್ತೆ ಮಾರ್ಕರ್ ಬಳಿದು, ಫ್ರೆಟ್ ತಲೆ ದುಂಡು ಮಾಡುವ ಅರದಿಂದ ಎರಡೂ ಮಗ್ಗುಲು ಉಜ್ಜಿ, ನಡುವೆ ಕೂದಲೆಳೆಯಷ್ಟು ಕಪ್ಪು ಗೆರೆ ಉಳಿಸಿ.

ಫ್ರೆಟ್‌ಬೋರ್ಡಿಗೆ ಅಡ್ಡಕ್ಕೆ ಬರುವ ಉಬ್ಬಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. 12 ಇಂಚು ತ್ರಿಜ್ಯದ ಉಜ್ಜುಗಟ್ಟೆ ಕೊಳ್ಳಲು ಸಿಗುತ್ತದೆ. ಅದೂ ಬೇಡ ಅಂದರೆ ಚಪ್ಪಟೆಯಾಗೇ ಬಿಡಿ, ಕ್ಲಾಸಿಕಲ್ ಗಿಟಾರ್‌ಗಳೆಲ್ಲ ಚಪ್ಪಟೆಯೇ.

ಇನ್ನು ನೆಕ್ ಕೂರುವ ಗುಳಿ. ಇಲ್ಲಿಗೆ ಎಲ್ಲರೂ ಪ್ಲಾಸ್ಟಿಕ್ ಮಾದರಿ ಕೊಳ್ಳುತ್ತಾರೆ, ನಿಮಗೆ ಬೇಡ. ನಿಮ್ಮ ನೆಕ್ಕೇ ಮಾದರಿ. ಬಾಡಿಯ ನಡುಗೆರೆಯನ್ನು ಚಾಕುವಿನಿಂದ ಗೀರಿ. ಮುಗಿದ ನೆಕ್‌ನ ಬುಡವನ್ನು ಅದರ ಜಾಗದಲ್ಲಿ ಇಟ್ಟು ಬಿಗಿಯಿರಿ. ನಟ್‌ನ ಎರಡೂ ತುದಿಯಿಂದ ಬ್ರಿಡ್ಜ್ ಬರುವ ಜಾಗಕ್ಕೆ ಎರಡು ದಾರ ಎಳೆದು ಕಟ್ಟಿ, ಎರಡೂ ದಾರ ನಡುಗೆರೆಯಿಂದ ಸಮ ದೂರದಲ್ಲಿ ಇವೆಯೇ, ಫ್ರೆಟ್‌ಬೋರ್ಡಿನ ಎರಡೂ ಅಂಚಿನಿಂದ ಸಮನಾಗಿ ಓಡುತ್ತಿವೆಯೇ ನೋಡಿ. ಸರಿ ಇದ್ದರೆ, 15 ಮಿ.ಮೀ. ದಪ್ಪದ ನೇರ ಪಟ್ಟಿಗಳನ್ನು ಬುಡದ ಎಡಕ್ಕೆ, ಬಲಕ್ಕೆ, ಹಿಂದಕ್ಕೆ ಒತ್ತಿ ಕೂರಿಸಿ ಡಬಲ್ ಸೈಡ್ ಟೇಪಿನಲ್ಲಿ ಬಾಡಿಗೆ ಅಂಟಿಸಿ. ಈಗ ನೆಕ್ ತೆಗೆಯಿರಿ. ಪಟ್ಟಿಗಳ ನಡುವೆ ಉಳಿದ ಖಾಲಿ ಜಾಗ ನಿಮ್ಮ ನೆಕ್‌ನದೇ ಅಳತೆ, ಅದರ ಓರೆಯೂ ಸೇರಿ. ರೂಟರ್‌ಗೆ ಮೇಲೆ ಬೇರಿಂಗ್ ಇರುವ ಗಿಡ್ಡ ಬಿಟ್ (ಕೊರೆಯುವ ಅಲಗು) ಹಾಕಿ, ಬೇರಿಂಗ್ ಪಟ್ಟಿಗೆ ತಾಗಿಕೊಂಡು ಓಡುವ ಹಾಗೆ, ಒಂದು ಸಲಕ್ಕೆ 3 ಮಿ.ಮೀ.ಗಿಂತ ಹೆಚ್ಚು ಇಳಿಸದೆ, 16 ಮಿ.ಮೀ. ಆಳದವರೆಗೆ ಹೋಗಿ. ನೆಕ್ ತಳ್ಳಿದರೆ ಬಿಗಿಯಾಗಿ ಕೂರಬೇಕು. ಬಾಡಿ ಎತ್ತಿದರೂ ಸ್ಕ್ರೂ ಇಲ್ಲದೆ ನೆಕ್ ಬೀಳದಿದ್ದರೆ ಕೆಲಸ ಅದ್ಭುತ ಅಂತಲೇ ಅರ್ಥ. ಬ್ರಿಡ್ಜ್‌ನ ತೂತುಗಳನ್ನು ನೆಕ್ ಕೂರಿಸಿ, ದಾರ ಮತ್ತೆ ಎಳೆದು ನೋಡಿದ ಮೇಲೆಯೇ ಕೊರೆಯಿರಿ, ಮುಂಚೆ ಕೊರೆಯಬೇಡಿ.

ರೂಟರ್ ಬಗ್ಗೆ ಎಚ್ಚರ. ಕೈಯಲ್ಲಿ ಹಿಡಿದು ಹೊರ ಅಂಚು ಕೊರೆಯುವಾಗ ಗಡಿಯಾರದ ಮುಳ್ಳಿನ ಎದುರು ದಿಕ್ಕಿನಲ್ಲಿ ಸುತ್ತಿ, ಗುಳಿಯ ಒಳಗೆ ಮುಳ್ಳಿನ ದಿಕ್ಕಿನಲ್ಲಿ. ಉಲ್ಟಾ ಹೋದರೆ ರೂಟರ್ ಕೈ ಕಿತ್ತುಕೊಂಡು ಓಡುತ್ತದೆ. ಬಾಡಿಯ ಆಕಾರವನ್ನು ಮೊದಲು ಜಿಗ್‌ಸಾದಲ್ಲಿ ಗೆರೆಯಿಂದ 2 ಮಿ.ಮೀ. ಹೊರಗೆ ಕೊಯ್ದು, ರೂಟರ್‌ಗೆ ಅಷ್ಟು ಮಾತ್ರ ಉಳಿಸಿ. ಮರದ ಪುಡಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಮರದ ಧೂಳನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಬೀಟೆ ಪುಡಿಗೆ ಕೆಲವರ ಚರ್ಮ ಕೆರೆತ ಬರುತ್ತದೆ, ಉಸಿರು ಕಟ್ಟುತ್ತದೆ. 8×10ರ ಕೋಣೆಯಲ್ಲಿ ಎನ್95 ಮಾಸ್ಕ್ ಇಲ್ಲದೆ ಉಜ್ಜುವ ಕೆಲಸ ಮಾಡಲೇಬೇಡಿ.

ಅಂಟು ಅಂದರೆ ಬಾಡಿ ಜೋಡಿಸಲು ಬಡಗಿಗಳು ಬಳಸುವ ಸಾಮಾನ್ಯ ಬಿಳಿ ಅಂಟೇ ಸಾಕು. ಫ್ರೆಟ್‌ಬೋರ್ಡ್ ಅಂಟಿಸುವಾಗ ಮಾತ್ರ ಯೋಚಿಸಿ. ಬಿಳಿ ಅಂಟು ಸದಾ ಎಳೆತದಲ್ಲಿದ್ದರೆ, ಅದರಲ್ಲೂ ಬಿಸಿಲಿನ ಕಾರಿನೊಳಗೆ, ನಿಧಾನವಾಗಿ ಜಾರುತ್ತದೆ. ಅಲ್ಲಿಗೆ ನಿಧಾನವಾಗಿ ಗಟ್ಟಿಯಾಗುವ ಅರಾಲ್ಡೈಟ್ ನನ್ನ ಆಯ್ಕೆ. ಅದರಲ್ಲಿ ನೀರಿಲ್ಲದ್ದರಿಂದ ತೆಳು ಫ್ರೆಟ್‌ಬೋರ್ಡ್ ಉಬ್ಬಿ ಬಾಗುವುದೂ ಇಲ್ಲ. ಬೀಟೆ, ಸಾಗುವಾನಿ ಎರಡರಲ್ಲೂ ಎಣ್ಣೆ ಅಂಶ ಇದೆ. ಅಂಟು ಹಚ್ಚುವ ಸ್ವಲ್ಪ ಮುಂಚೆ ಅಸಿಟೋನ್‌ನಲ್ಲಿ ಒರೆಸಿ. ಕೊನೆಯ ಹೊಳಪಿಗೆ ಅರಗಿನ ಫ್ರೆಂಚ್ ಪಾಲಿಶ್ ಸಾಕು, ಹಳೇ ಆಚಾರಿಗಳಿಗೆ ಅದು ಕರಗತ. ಅಗಸೆ ಎಣ್ಣೆ ಬಳಸಿದರೆ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ತಾನಾಗೇ ಕಾದು ಹೊತ್ತಿಕೊಳ್ಳುತ್ತದೆ. ಹರಡಿ ಹೊರಗೆ ಒಣಗಿಸಿ.

ದುಡ್ಡಿನ ವಿಷಯ. 20 ಸಾವಿರದಲ್ಲಿ ಅರ್ಧವನ್ನು ಟ್ಯೂನರ್ (ತಂತಿ ಬಿಗಿಯುವ ಕಿವಿಗಳು), ಬ್ರಿಡ್ಜ್, ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ), ನೆಕ್‌ನ ಸರಳು, ಫ್ರೆಟ್ ತಂತಿ ಇವುಗಳಿಗೆ ಇಡಿ. ಕಾಲು ಭಾಗ ಫ್ರೆಟ್ ಗರಗಸ, ಅರ, ಒಳ್ಳೆಯ ಉಕ್ಕಿನ ಅಳತೆಪಟ್ಟಿಗೆ. ಮಿಕ್ಕದ್ದು ಮರ, ಅಂಟು, ಪೇಪರ್. ಎಲ್ಲಿ ಉಳಿಸಿದರೂ ಟ್ಯೂನರ್‌ನಲ್ಲಿ ಉಳಿಸಬೇಡಿ, ಶ್ರುತಿ ನಿಲ್ಲದ ಗಿಟಾರನ್ನು ಯಾರೂ ಎರಡನೇ ಸಲ ಕೈಗೆತ್ತಿಕೊಳ್ಳುವುದಿಲ್ಲ.

ಮಾವನವರ ಮಾತನ್ನು ಅರ್ಧ ಕೇಳಿ. ಹಲಗೆಗಳನ್ನು ಒಂದೇ ದಪ್ಪಕ್ಕೆ ತರುವ ಕೆಲಸ ಮಾತ್ರ ಸಾಮಿಲ್‌ನಲ್ಲೋ ಆಚಾರಿ ಹತ್ತಿರ ಇರುವ ಮೆಷಿನ್‌ನಲ್ಲೋ ಮಾಡಿಸಿ. ಕೈ ಹತ್ತರಿಯಲ್ಲಿ ನಿಮಗೆ ದಿನವಿಡೀ ಹಿಡಿಯುವುದು ಅಲ್ಲಿ ಹತ್ತು ನಿಮಿಷದ ಕೆಲಸ. ಹೋದಾಗ ಅವರ ಹತ್ತಿರ ಹತ್ತರಿ ಅಲಗು ಹೊಂದಿಸುವುದನ್ನೂ ಕೇಳಿ ಕಲಿಯಿರಿ, ಯಾವ ವಿಡಿಯೋಗಿಂತ ಚೆನ್ನಾಗಿ ತೋರಿಸುತ್ತಾರೆ. ಫ್ರೆಟ್ ಸೀಳುವುದನ್ನು ಮಾತ್ರ ಯಾರಿಗೂ ಬಿಡಬೇಡಿ. ಇದಾದ ಮೇಲೂ ಅಕೌಸ್ಟಿಕ್ ಆಸೆ ಹೋಗದಿದ್ದರೆ ಮುಂದಿನದು ಟೆನರ್ ಉಕುಲೆಲೆ ಮಾಡಿ. 430 ಮಿ.ಮೀ. ಆಸುಪಾಸಿನ ತಂತಿ, ನಾಲ್ಕೇ ನೈಲಾನ್, ಎಳೆತ ಕಡಿಮೆ. ಅದರ ಪಕ್ಕದ ಪಟ್ಟಿಗೆ ನಿಮ್ಮ ಮಂಚದ ಬೀಟೆ ಅಗಲವೂ ಸಾಲುತ್ತದೆ.

ಕೊನೆಯ ಹಂತ, ಹೊಂದಿಸುವುದು. ಹೊಸ ತಂತಿ ಹಾಕಿ ಶ್ರುತಿ ಮಾಡಿ ಎರಡು ದಿನ ಸುಮ್ಮನೆ ಬಿಡಿ, ನೆಕ್ ಎಳೆತಕ್ಕೆ ಹೊಂದಿಕೊಳ್ಳಲಿ. ಮೊದಲ ಫ್ರೆಟ್‌ಗೆ ಕ್ಯಾಪೋ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ಕೊನೆಯ ಫ್ರೆಟ್ ಒತ್ತಿ ಹಿಡಿದರೆ 7–8ನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ನಡುವೆ 0.2–0.3 ಮಿ.ಮೀ. ಸಂದು ಇರಬೇಕು. ಜಾಸ್ತಿ ಇದ್ದರೆ ಸರಳನ್ನು ಕಾಲು ಸುತ್ತು ಬಿಗಿಯಿರಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿ. ನಂತರ 12ನೇ ಫ್ರೆಟ್ ಮೇಲೆ ತಂತಿಯ ಎತ್ತರ, ಸಣ್ಣ ತಂತಿಗೆ 1.6, ದಪ್ಪ ತಂತಿಗೆ 2 ಮಿ.ಮೀ. ಇಷ್ಟಾದ ಮೇಲೆ 12ನೇ ಫ್ರೆಟ್ ಒತ್ತಿದ ಸ್ವರವನ್ನೂ ಅಲ್ಲೇ ಬೆರಳು ತಾಗಿಸಿ ಹೊರಡಿಸುವ ಹಾರ್ಮೋನಿಕ್ ಸ್ವರವನ್ನೂ ಟ್ಯೂನರ್‌ನಲ್ಲಿ ಹೋಲಿಸಿ. ಒತ್ತಿದ್ದು ಏರಿದ್ದರೆ ಬ್ರಿಡ್ಜ್‌ನಲ್ಲಿ ಆ ತಂತಿ ಕೂರುವ ಲೋಹದ ತುಂಡನ್ನು ಹಿಂದಕ್ಕೆ ಸರಿಸಿ, ಇಳಿದಿದ್ದರೆ ಮುಂದಕ್ಕೆ. ದಪ್ಪ ತಂತಿಗಳಿಗೆ 648ಕ್ಕಿಂತ ಎರಡು ಮೂರು ಮಿ.ಮೀ. ಹಿಂದೆ ಹೋಗಬೇಕಾಗುತ್ತದೆ. ಅದು ಸಹಜ, ಅಷ್ಟು ಜಾಗ ಸಿಗುವ ಹಾಗೆ ಬ್ರಿಡ್ಜ್ ಕೂರಿಸುವಾಗಲೇ ಸಣ್ಣ ತಂತಿ ಕೂರುವ ತುಂಡನ್ನು ಪೂರ್ತಿ ಮುಂದಕ್ಕೆ ತಂದು, ಅದನ್ನೇ 648ಕ್ಕೆ ಇಟ್ಟು ಗುರುತು ಹಾಕಿ.